ಪವರ್ ಕ್ಯಾಟಮರಾನ್‌ನಲ್ಲಿ ಕೊಚ್ಚಿಯಿಂದ ಸೆಶೆಲ್ಸ್‌ಗೆ: ಕೊಡಗಿನ ಅನುಭವಸ್ಥರ ಉತ್ತರಗಳು

ಸಿದ್ದಾಪುರದ ಕಾಫಿ ಬೆಳೆಗಾರರ ಕೋರಿಕೆ

ನಾನೂ ನನ್ನ ಭಾವನೂ ಸೇರಿ ಕೊಚ್ಚಿಯಲ್ಲಿ ನಿಂತಿರುವ, ಹದಿನೈದು ಮೀಟರ್ ಉದ್ದದ, ಎರಡು ಡೀಸೆಲ್ ಎಂಜಿನ್‌ಗಳ ಪವರ್ ಕ್ಯಾಟಮರಾನ್ (ಹಲ್ ಎಂಬ ಎರಡು ಒಡಲುಗಳನ್ನು ಜೋಡಿಸಿದ, ಹಾಯಿಯಿಲ್ಲದ ದೋಣಿ) ಒಂದನ್ನು ಕೊಂಡಿದ್ದೇವೆ. ಕರಾವಳಿಗುಂಟ ಗೋವಾದವರೆಗೆ ಓಡಿಸಿ ಅಭ್ಯಾಸವಾಗಿದೆ. ಈಗ ಮಾಲ್ಡೀವ್ಸ್‌ನ ಮಾಲೆಯ ಮೇಲಿಂದ ಸೆಶೆಲ್ಸ್‌ನ ಮಾಹೆ ದ್ವೀಪಕ್ಕೆ ಹೋಗುವ ಆಸೆಯಿದೆ. ಟ್ಯಾಂಕುಗಳಲ್ಲಿ ಒಟ್ಟು 2200 ಲೀಟರ್ ಹಿಡಿಯುತ್ತದೆ. ಎಂಟು ನಾಟ್ (ಗಂಟೆಗೆ ಎಂಟು ನಾಟಿಕಲ್ ಮೈಲು) ವೇಗದಲ್ಲಿ ಮೈಲಿಗೆ ಸುಮಾರು ಎರಡೂವರೆ ಲೀಟರ್ ಖರ್ಚಾಗುತ್ತದೆ. ಹಾಯಿಯಿಲ್ಲದ ದೋಣಿಯಲ್ಲಿ ಇಷ್ಟು ದೂರ ಹೋಗುವುದು ವಿವೇಕವೇ, ಹೋಗುವುದಾದರೆ ಯಾವ ತಿಂಗಳು, ಎಷ್ಟು ಇಂಧನ, ಯಾವ ಎಚ್ಚರ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ವಿರಾಜಪೇಟೆಯಿಂದ, ಹಡಗುಗಳ ಎಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು

ಖಂಡಿತ ಹೋಗಬಹುದು. ಕೇಪ್ ಟೌನ್‌ನಲ್ಲಿ ತಯಾರಾದ ಪವರ್ ಕ್ಯಾಟಮರಾನ್‌ಗಳು ತಮ್ಮದೇ ಎಂಜಿನ್ ಬಲದಲ್ಲಿ ಅಟ್ಲಾಂಟಿಕ್ ದಾಟಿ ಗಿರಾಕಿಗಳ ಕೈ ಸೇರಿದ್ದುಂಟು. ಆ ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದವರೆಗಿನ ಮೊದಲ ಹಂತವೇ ಸುಮಾರು 1700 ನಾಟಿಕಲ್ ಮೈಲು. ಪ್ಲಾನೆಟ್‌ಸೋಲಾರ್ ಎಂಬ ಕ್ಯಾಟಮರಾನ್ ಬರೀ ಸೌರಶಕ್ತಿಯಿಂದ 2010ರ ಸೆಪ್ಟೆಂಬರ್‌ನಲ್ಲಿ ಮೊನಾಕೊ ಬಿಟ್ಟು, ಭೂಮಿಯನ್ನೇ ಸುತ್ತಿ, 2012ರ ಮೇ ತಿಂಗಳಲ್ಲಿ ಅಲ್ಲಿಗೇ ಮರಳಿತು. ತೆಳ್ಳಗಿನ ಜೋಡಿ ಹಲ್‌ಗಳನ್ನು ನಿಧಾನವಾಗಿ ನಡೆಸಲು ಎಷ್ಟು ಕಡಿಮೆ ಶಕ್ತಿ ಸಾಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಈ ಮಾತಿನಲ್ಲಿ 'ನಿಧಾನವಾಗಿ' ಎಂಬುದನ್ನು ಬಿಟ್ಟರೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ. ನಿಮ್ಮ ಯಾತ್ರೆಯ ಹಣೆಬರಹವನ್ನು ಬರೆಯುವುದು ಥ್ರಾಟಲ್ ಹಿಡಿದ ಕೈ.

ಲೆಕ್ಕ ನೋಡಿ. ಕೊಚ್ಚಿಯಿಂದ ಮಾಲೆಗೆ ಸುಮಾರು 400 ಮೈಲು. ಅದು ನಿಮಗೆ ಕಷ್ಟವಲ್ಲ. ಮಾಲೆಯಿಂದ ಮಾಹೆಗೆ ಸುಮಾರು 1200 ಮೈಲು, ನಡುವೆ ಒಂದು ಹನಿ ಡೀಸೆಲ್ ಸಿಗುವ ಜಾಗವಿಲ್ಲ. ಎಂಟು ನಾಟ್‌ನಲ್ಲಿ ಹೋದರೆ 3000 ಲೀಟರ್ ಬೇಕು. ಈ ಬಗೆಯ ಹಲ್‌ಗಳಲ್ಲಿ ಪ್ರತಿ ಮೈಲಿಗೆ ತಗಲುವ ಇಂಧನವು ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಹನ್ನೆರಡು ನಾಟ್‌ಗೆ ಏರಿಸಿದರೆ ಅಗತ್ಯ 6700 ಲೀಟರ್ ದಾಟುತ್ತದೆ, ಪ್ರಯಾಣದ ಅವಧಿಯಲ್ಲಿ ಉಳಿತಾಯವಾಗುವುದು ಎರಡು ದಿನ ಮಾತ್ರ. ಅದೇ ಆರೂವರೆ ನಾಟ್‌ಗೆ ಇಳಿಸಿದರೆ ಸುಮಾರು 2000 ಲೀಟರ್ ಸಾಕು, ಪ್ರಯಾಣ ಎಂಟು ದಿನಕ್ಕೆ ಹತ್ತಿರ ಬರುತ್ತದೆ. ನಿಮ್ಮ 2200 ಲೀಟರ್ ಟ್ಯಾಂಕಿನ ಜೊತೆಗೆ 600 ಲೀಟರ್‌ನ ರಬ್ಬರ್ ಚೀಲವೊಂದನ್ನು ಸೇರಿಸಿಕೊಂಡು ಆರೂವರೆ ನಾಟ್‌ನಲ್ಲಿ ಹೋಗಿ ಎಂಬುದೇ ನನ್ನ ಸಲಹೆ. ಎಂಟು ನಾಟ್‌ನ ಆಸೆಗೆ, ಮೀಸಲನ್ನೂ ಸೇರಿಸಿ, 1800 ಲೀಟರನ್ನು ಡೆಕ್ ಮೇಲೆ ಹೇರಬೇಡಿ.

ಏಕೆಂದರೆ ಕ್ಯಾಟಮರಾನ್ ತೂಕವನ್ನು ಸಹಿಸುವ ಜಾತಿಯ ದೋಣಿಯಲ್ಲ. ನಿಮ್ಮ ಅಳತೆಯ ದೋಣಿ ಒಂದು ಸೆಂಟಿಮೀಟರ್ ಮುಳುಗಲು ಅಂದಾಜು 300 ಕಿಲೋ ಸಾಕು. ಮೂರು ಸಾವಿರ ಲೀಟರ್ ಡೀಸೆಲ್ ಎಂದರೆ ಎರಡೂವರೆ ಟನ್, ಅಂದರೆ ಎಂಟು ಸೆಂಟಿಮೀಟರ್. ನೀರು, ಅಕ್ಕಿ, ಬಿಡಿಭಾಗ, ನಾಲ್ಕು ಜನ, ಚಿಕ್ಕ ದೋಣಿ ಎಲ್ಲ ಅದರ ಮೇಲೆ. ಎರಡು ಹಲ್‌ಗಳ ನಡುವಿನ ಬ್ರಿಡ್ಜ್‌ಡೆಕ್ ಅಷ್ಟಷ್ಟೂ ನೀರಿಗೆ ಹತ್ತಿರವಾಗುತ್ತದೆ, ಅಲೆ ಅದರ ತಳಕ್ಕೆ ಬಡಿಯುವುದು ಅಷ್ಟಷ್ಟೂ ಹೆಚ್ಚುತ್ತದೆ. ಹಲ್ ಆಳಕ್ಕಿಳಿದಾಗ ಇಂಧನದ ಖರ್ಚೂ ಏರುವುದರಿಂದ, ಹೆಚ್ಚುವರಿ ಡೀಸೆಲ್‌ನ ಒಂದು ಪಾಲು ತನ್ನನ್ನು ತಾನೇ ಹೊತ್ತುಕೊಳ್ಳುವುದಕ್ಕೆ ಉರಿದುಹೋಗುತ್ತದೆ.

ರಬ್ಬರ್ ಚೀಲವನ್ನು ಹಿಂಬದಿಯ ಕಾಕ್‌ಪಿಟ್‌ನಲ್ಲಿ, ಕೆಳಗೆ ಚಾಪೆ ಹಾಸಿ, ನಾಲ್ಕೂ ಕಡೆ ಬಿಗಿದು ಇಡಿ. ಮೊದಲು ಅದನ್ನೇ ಖಾಲಿ ಮಾಡಿ. ಅರ್ಧ ತುಂಬಿದ ಚೀಲ ತುಳುಕಾಡಿ ಕಟ್ಟುಗಳನ್ನು ಸವೆಸುತ್ತದೆ. ಟ್ಯಾಂಕಿನಲ್ಲಿ ಜಾಗವಾದ ಕೂಡಲೇ, ಸಮುದ್ರ ಶಾಂತವಾಗಿರುವಾಗಲೇ, ಒಳಗೆ ಸಾಗಿಸಿಬಿಡಿ.

ಉಳಿದ ಇಂಧನ ಎಷ್ಟೆಂಬುದನ್ನು ಡ್ಯಾಶ್‌ಬೋರ್ಡಿನ ಮುಳ್ಳಿನಿಂದ ತಿಳಿಯಲು ಹೋಗಬೇಡಿ, ಅಲೆಯಲ್ಲಿ ಅದು ಸುಮ್ಮನೆ ಓಲಾಡುತ್ತದೆ. ಟ್ಯಾಂಕಿನ ಪಕ್ಕಕ್ಕೆ ಪಾರದರ್ಶಕ ಕೊಳವೆ ಇದ್ದರೆ ಅದರ ಕೆಳಗಿನ ವಾಲ್ವನ್ನು ಬಹುತೇಕ ಮುಚ್ಚಿ, ಕೂದಲೆಳೆಯಷ್ಟು ತೆರೆದಿಡಿ. ಆಗ ಕೊಳವೆಯೊಳಗಿನ ಮಟ್ಟದ ಏರಿಳಿತ ಅಡಗಿ, ನಿಜವಾದ ಗೆರೆ ಕಾಣುತ್ತದೆ. ಪಾಳಿ ಬದಲಾಗುವಾಗಲೆಲ್ಲ ಓದಿ ಬರೆದಿಡಿ. ಒಂದು ಗ್ರಾಫ್ ಹಾಳೆಯಲ್ಲಿ ಸಾಗಿದ ದೂರಕ್ಕೆದುರಾಗಿ ಉಳಿದ ಇಂಧನವನ್ನು ಗುರುತಿಸುತ್ತ ಹೋದರೆ, ಮೂರನೆಯ ದಿನಕ್ಕೇ ಆ ಗೆರೆ ಮಾಹೆಯಲ್ಲಿ ಎಲ್ಲಿ ಮುಟ್ಟುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಗೆರೆ ಕೆಳಕ್ಕೆ ಬಾಗಿದರೆ ಅಂದೇ ಅರ್ಧ ನಾಟ್ ಇಳಿಸಿ. ಆರನೆಯ ದಿನ ಇಳಿಸಿದರೆ ಫಲ ಕಡಿಮೆ.

ಮಡಿಕೇರಿಯಿಂದ, ವ್ಯಾಪಾರಿ ಹಡಗುಗಳಲ್ಲಿ ಮಾರ್ಗನಿರ್ದೇಶನದ ಹೊಣೆ ಹೊತ್ತಿದ್ದವರು

ಮೇಲಿನ ಲೆಕ್ಕ ನಿಂತ ನೀರಿನದು. ಅರಬ್ಬಿ ಸಮುದ್ರದ ನೀರು ನಿಲ್ಲುವುದಿಲ್ಲ, ಮಾರುತದ ಜೊತೆಗೆ ದಿಕ್ಕನ್ನೂ ಬದಲಿಸುತ್ತದೆ. ಆರೂವರೆ ನಾಟ್‌ನಲ್ಲಿ ಹೋಗುವ ದೋಣಿಗೆ ದಾರಿಯುದ್ದಕ್ಕೂ ಒಂದು ನಾಟ್ ಪ್ರವಾಹ ಎದುರಾದರೆ ಸುಮಾರು 2340 ಲೀಟರ್ ಬೇಕಾಗುತ್ತದೆ, ಅದೇ ಹಿಂದಿನಿಂದ ನೂಕಿದರೆ 1700 ಲೀಟರ್ ಸಾಕು. ಯಾವ ಪ್ರವಾಹವೂ ದಾರಿಯುದ್ದಕ್ಕೂ ಒಂದೇ ಸಮನೆ ಇರುವುದಿಲ್ಲವಾದರೂ, ತಿಂಗಳು ಮತ್ತು ಅಕ್ಷಾಂಶದ ಆಯ್ಕೆಯಲ್ಲೇ ನೂರಾರು ಲೀಟರ್‌ಗಳ ವ್ಯತ್ಯಾಸ ಅಡಗಿದೆ ಎಂಬುದನ್ನು ಮನಸ್ಸಿನಲ್ಲಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲದಲ್ಲಿ ಸೇತುವೆ ಮುಳುಗಿಸುವ ಮಳೆಯನ್ನು ಹೊತ್ತು ತರುವುದು ಇದೇ ಸಮುದ್ರದ ನೈಋತ್ಯ ಮಾರುತ, ಮತ್ತು ಅದು ನಿಮಗೆ ನೇರ ಎದುರಿನಿಂದ ಬೀಸುತ್ತದೆ. ಆ ತಿಂಗಳುಗಳ ಮಾತೇ ಬೇಡ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ಗಳಲ್ಲಿ ಸಮಭಾಜಕದ ಬಳಿ ಗಾಳಿ ತಗ್ಗಿರುವುದರಿಂದ ಅನೇಕರು ಅದನ್ನೇ ಒಳ್ಳೆಯ ಕಾಲವೆಂದು ಭಾವಿಸುತ್ತಾರೆ. ಆದರೆ ಆಗಲೇ ಸಮಭಾಜಕದ ಗುಂಟ ಪೂರ್ವಕ್ಕೆ ಧಾವಿಸುವ ಮೇಲ್ಮೈ ಪ್ರವಾಹವೊಂದು ಎದ್ದೇಳುತ್ತದೆ. 1973ರಲ್ಲಿ ಅದನ್ನು ವಿವರಿಸಿದ ಕ್ಲಾಸ್ ವಿರ್ಟ್ಕಿ ಎಂಬ ಸಾಗರವಿಜ್ಞಾನಿಯ ಹೆಸರಿನಿಂದಲೇ ಅದನ್ನು ವಿರ್ಟ್ಕಿ ಜೆಟ್ ಎನ್ನುತ್ತಾರೆ. ಅದರ ವೇಗ ಸೆಕೆಂಡಿಗೆ ಒಂದು ಮೀಟರ್, ಅಂದರೆ ಎರಡು ನಾಟ್‌ವರೆಗೂ ಹೋಗಬಲ್ಲದು. ಕನ್ನಡಿಯಂಥ ನೀರಿನ ಮೇಲೆ ಪಶ್ಚಿಮಕ್ಕೆ ಹೋಗುತ್ತಿರುವ ದೋಣಿ, ಯಾರಿಗೂ ಗೊತ್ತಾಗದಂತೆ, ತನ್ನ ಡೀಸೆಲ್‌ನ ಕಾಲು ಭಾಗವನ್ನು ಹಾಗೆ ಕಳೆದುಕೊಳ್ಳಬಹುದು.

ಜನವರಿಯ ನಡುವಿನಿಂದ ಮಾರ್ಚ್ ಮೊದಲ ಭಾಗದವರೆಗೆ ನಿಮ್ಮ ಕಾಲ. ಈಶಾನ್ಯ ಮಾರುತ ಆಗ ಹಿಂದಿನಿಂದ ಬೀಸುತ್ತದೆ, ಸಮಭಾಜಕದ ಉತ್ತರಕ್ಕೆ ಪ್ರವಾಹವೂ ಪಶ್ಚಿಮಕ್ಕೇ ಹರಿಯುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ಸಮಭಾಜಕದ ದಕ್ಷಿಣಕ್ಕೆ, ಸುಮಾರು ಎರಡರಿಂದ ಎಂಟು ಡಿಗ್ರಿಗಳ ನಡುವೆ, ಪೂರ್ವಾಭಿಮುಖವಾದ ಪ್ರತಿಪ್ರವಾಹವಿದೆ. ಆದ್ದರಿಂದ ಮಾಲೆಯಿಂದ ಮಾಹೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆಯಬೇಡಿ. ಮೂರು ಡಿಗ್ರಿ ಉತ್ತರದ ಆಸುಪಾಸಿನಲ್ಲಿ ಪಶ್ಚಿಮಕ್ಕೆ ಸಾಗಿ, ಸಾಕಷ್ಟು ದೂರ ಕ್ರಮಿಸಿದ ಮೇಲೆ ದಕ್ಷಿಣಕ್ಕೆ ತಿರುಗಿದರೆ ಪ್ರತಿಪ್ರವಾಹವನ್ನು ಅಡ್ಡವಾಗಿ, ಕಡಿಮೆ ಹೊತ್ತಿನಲ್ಲಿ ದಾಟಬಹುದು. ಮೈಲಿ ಸ್ವಲ್ಪ ಹೆಚ್ಚುತ್ತದೆ, ಲೀಟರ್ ಕಡಿಮೆಯಾಗುತ್ತದೆ. ತೀರಾ ಪಶ್ಚಿಮಕ್ಕೆ ಮಾತ್ರ ಹೋಗಬೇಡಿ. 2023ರ ಕೊನೆಯಿಂದ ಸೋಮಾಲಿಯಾ ಕಡೆಯ ಕಡಲ್ಗಳ್ಳರು ಮತ್ತೆ ತಲೆಯೆತ್ತಿದ್ದಾರೆ. ಅವರು ಅಪಹರಿಸಿದ್ದ ರುಯೆನ್ ಎಂಬ ಹಡಗನ್ನು ನಮ್ಮ ನೌಕಾಪಡೆ 2024ರ ಮಾರ್ಚ್‌ನಲ್ಲಿ ಬಿಡಿಸಿ 17 ಮಂದಿಯನ್ನು ರಕ್ಷಿಸಿತು. ಹೊರಡುವ ವಾರದ ಭದ್ರತಾ ಸೂಚನೆಗಳನ್ನು ನೋಡಿಯೇ ತಿರುವಿನ ಜಾಗವನ್ನು ನಿರ್ಧರಿಸಿ.

ಇಲ್ಲಿ ನಿಮಗೊಂದು ನಿಜವಾದ ಇಕ್ಕಟ್ಟಿದೆ. ಈ ತಿಂಗಳುಗಳೇ ರೋಬಸ್ಟಾ ಕೊಯ್ಲಿನ ಕಾಲ, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಚ್ಚುವ ಕಾಲ. ತೋಟ ಬಿಟ್ಟು ಬರಲಾಗದೆ ಯಾತ್ರೆಯನ್ನು ಮೇ ತಿಂಗಳಿಗೆ ತಳ್ಳುವ ಯೋಚನೆ ಬಂದರೆ ದಯವಿಟ್ಟು ಆ ವರ್ಷ ಹೋಗಬೇಡಿ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಲಕ್ಷದ್ವೀಪದ ಬಳಿಯೇ ಹುಟ್ಟಿ ಮೇಲೇರಿತು. ಸುಗ್ಗಿಯ ಹಬ್ಬ ಪುತ್ತರಿ ಮುಗಿಸಿ ಡಿಸೆಂಬರ್ ಆರಂಭದಲ್ಲೇ ಹೊರಡುತ್ತೇವೆ ಎನ್ನುವುದೂ ಅವಸರವೇ. 2017ರಲ್ಲಿ ಓಖಿ ಚಂಡಮಾರುತ ಬಂದದ್ದು ನವೆಂಬರ್ ಕೊನೆಯಲ್ಲಿ, ಡಿಸೆಂಬರ್ ಮೊದಲ ದಿನಗಳಲ್ಲಿ ಅದು ಲಕ್ಷದ್ವೀಪದ ಮಿನಿಕಾಯ್ ಸುತ್ತಲಿನ ಸಮುದ್ರದಲ್ಲಿತ್ತು. ಈ ವರ್ಷದ ಕೊಯ್ಲನ್ನು ನಂಬಿಕಸ್ಥರಿಗೆ ಒಪ್ಪಿಸಲು ಸಾಧ್ಯವೇ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ದೋಣಿಯ ಮಾತು.

ಸುಂಟಿಕೊಪ್ಪದಿಂದ, ಮಂಗಳೂರು ಬಂದರಿನ ದೋಣಿಗಳ ಡೀಸೆಲ್ ಎಂಜಿನ್ ದುರಸ್ತಿ ಮಾಡಿದವರು

ನಡುಗಡಲಿನಲ್ಲಿ ಎಂಜಿನ್ ನಿಂತರೆ ಬಹಳಷ್ಟು ಸಲ ಕಾರಣ ಎಂಜಿನ್ ಅಲ್ಲ, ಡೀಸೆಲ್. ನಮ್ಮ ತೋಟಗಳಲ್ಲಿ ಮಳೆಗಾಲ ಕಳೆದ ಬ್ಯಾರೆಲ್‌ನ ತಳದ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ರಾತ್ರಿ ಇಟ್ಟರೆ, ಕೆಳಗೆ ನೀರು, ಮೇಲೆ ಡೀಸೆಲ್, ಎರಡರ ನಡುವೆ ಕಪ್ಪು ಲೋಳೆಯ ಒಂದು ಪದರ ಕಾಣುತ್ತದೆ. ಆ ಲೋಳೆ ಸೂಕ್ಷ್ಮಜೀವಿಗಳದು. ಕೊಚ್ಚಿಯಲ್ಲಿ ನಿಂತ ದೋಣಿಯ ಟ್ಯಾಂಕಿನಲ್ಲೂ ಅದು ಶಾಂತವಾಗಿ ಕುಳಿತಿರುತ್ತದೆ. ಹೊರಗಡಲಿನ ಮೊದಲ ಅಲೆಗಳು ಅದನ್ನು ಕದಡಿದಾಗ ಫಿಲ್ಟರ್‌ಗೆ ಬರುತ್ತದೆ. ಹೊರಡುವ ಮೊದಲೇ ಟ್ಯಾಂಕಿನ ಮುಚ್ಚಳ ತೆಗೆಸಿ ತಳವನ್ನು ಒರೆಸಿ. ಪ್ರತಿ ಎಂಜಿನ್‌ಗೆ ಜೋಡಿ ಫಿಲ್ಟರ್ ಹಾಕಿಸಿ, ಒಂದು ಕಟ್ಟಿದರೆ ಎಂಜಿನ್ ನಿಲ್ಲಿಸದೆ ಇನ್ನೊಂದಕ್ಕೆ ತಿರುಗಿಸುವಂತಿರಲಿ. ಜೊತೆಗೆ ನಿರ್ವಾತ ಮಾಪಕವಿದ್ದರೆ ಫಿಲ್ಟರ್ ಕಟ್ಟುತ್ತಿರುವುದು ಮುಂಚೆಯೇ ತಿಳಿಯುತ್ತದೆ.

ಎಡ ಟ್ಯಾಂಕಿನಿಂದ ಎಡ ಎಂಜಿನ್, ಬಲ ಟ್ಯಾಂಕಿನಿಂದ ಬಲ ಎಂಜಿನ್, ನಡುವಿನ ವಾಲ್ವ್ ಮುಚ್ಚಿರಲಿ. ಎರಡು ಎಂಜಿನ್ ಇರುವುದರ ಪ್ರಯೋಜನವೇ ಅದು. ಒಂದೇ ಕೆಟ್ಟ ಡೀಸೆಲ್ ಎರಡನ್ನೂ ನಿಲ್ಲಿಸುವಂತೆ ಕೊಳವೆ ಜೋಡಿಸಿದರೆ ನಿಮ್ಮಲ್ಲಿರುವುದು ಒಂದೇ ಎಂಜಿನ್.

ಗೋಣಿಕೊಪ್ಪದಿಂದ, ಕ್ಯಾಟಮರಾನ್‌ಗಳಲ್ಲಿ ಸಿಬ್ಬಂದಿಯಾಗಿ ಸಾಗರ ದಾಟಿದ ಮಹಿಳೆ

ಯಂತ್ರದ ವಿಷಯ ಹಿರಿಯರು ಹೇಳಿದ್ದಾರೆ, ಒಳಗಿರುವ ಮನುಷ್ಯರ ಬಗ್ಗೆ ನಾನು ಬರೆಯುತ್ತೇನೆ. ಕ್ಯಾಟಮರಾನ್ ಒಂಟಿ ಹಲ್‌ನ ದೋಣಿಯ ಹಾಗೆ ಆಚೀಚೆ ದೀರ್ಘವಾಗಿ ವಾಲುವುದಿಲ್ಲ, ಆದರೆ ಅದರ ಅಲುಗಾಟ ಚಿಕ್ಕದು, ಬಿರುಸಿನದು, ಮುಂದೇನೆಂದು ಊಹಿಸಲಾಗದ್ದು. ಎದುರಲೆಯಲ್ಲಿ ಬ್ರಿಡ್ಜ್‌ಡೆಕ್‌ನ ತಳಕ್ಕೆ ನೀರು ಅಪ್ಪಳಿಸಿದಾಗ, ಲಾರಿಯಿಂದ ಕಾಫಿ ಮೂಟೆಯನ್ನು ನೀವು ಮಲಗಿರುವ ಹಲಗೆಯ ಮೇಲೆಯೇ ಎಸೆದಂತೆ ಆಗುತ್ತದೆ. ಮೇಜಿನ ಮೇಲಿನ ಲೋಟ ನೇರ ಮೇಲಕ್ಕೆ ಹಾರಿ ಅಲ್ಲೇ ಬೀಳುತ್ತದೆ. ಒಂದು ರಾತ್ರಿ ಅದನ್ನು ಕೇಳಬಹುದು. ಮೂರನೆಯ ರಾತ್ರಿಗೆ ಯಾರಿಗೂ ನಿದ್ದೆಯಿರುವುದಿಲ್ಲ, ತಪ್ಪು ನಿರ್ಧಾರಗಳು ಬರುವುದು ಆಗ. ಬಡಿತ ಶುರುವಾದರೆ ವೇಗ ತಗ್ಗಿಸಿ, ದಿಕ್ಕನ್ನು ಇಪ್ಪತ್ತು ಮೂವತ್ತು ಡಿಗ್ರಿ ತಿರುಗಿಸಿ ನೋಡಿ. ಅಲೆ ಹಿಂದಿನಿಂದ ಬರುವಾಗ ಅದರೊಂದಿಗೆ ಇಳಿಜಾರಿನಲ್ಲಿ ಓಡಲು ಬಿಡಬೇಡಿ. ಮೂತಿಗಳು ಮುಂದಿನ ಅಲೆಗೆ ಹೂತುಕೊಂಡರೆ ದೋಣಿ ಅಡ್ಡ ತಿರುಗುತ್ತದೆ. ವೇಗ ಇಳಿಸಿಯೂ ಓಡುತ್ತಿದ್ದರೆ ಹಿಂದಿನಿಂದ ಡ್ರೋಗ್ (ನೀರಿನಲ್ಲಿ ಎಳೆದು ವೇಗ ತಡೆಯುವ ಸಾಧನ) ಎಳೆಯಬೇಕು, ಅದನ್ನು ಬಿಡುವ ಅಭ್ಯಾಸವನ್ನು ಕೊಚ್ಚಿಯ ಹೊರಗೆ ಹಗಲಿನಲ್ಲಿ ಮಾಡಿಕೊಂಡಿರಬೇಕು.

ನಿಮ್ಮಂಥ ತೂಕದ, ಹಾಯಿಯಿಲ್ಲದ ದೋಣಿ ಮಗುಚುವುದು ಅಪರೂಪ. ಮಗುಚಿದರೆ ಮಾತ್ರ ತಾನಾಗಿ ಎದ್ದು ನಿಲ್ಲುವುದಿಲ್ಲ, ತಲೆಕೆಳಗಾಗಿಯೇ ತೇಲುತ್ತದೆ. ತುರ್ತು ಚೀಲ, ಲೈಫ್‌ರಾಫ್ಟ್, ತುರ್ತು ರೇಡಿಯೋ ಬೀಕನ್ ಇವೆಲ್ಲ ದೋಣಿ ತಲೆಕೆಳಗಾದಾಗಲೂ ಕೈಗೆ ಸಿಗುವ ಜಾಗದಲ್ಲಿರಬೇಕು. ಆ ಸ್ಥಿತಿಯನ್ನು ಕಲ್ಪಿಸಿಕೊಂಡು ಒಮ್ಮೆ ದೋಣಿಯೊಳಗೆ ಓಡಾಡಿ ನೋಡಿ.

ಇಬ್ಬರೇ ಹೋಗುವ ಯೋಚನೆ ಬೇಡ. ಮೂವರಿದ್ದರೆ ಮೂರು ಗಂಟೆ ಪಾಳಿ, ಆರು ಗಂಟೆ ವಿಶ್ರಾಂತಿ ಸಿಗುತ್ತದೆ. ನಾಲ್ವರಿದ್ದರೆ ಇನ್ನೂ ಒಳ್ಳೆಯದು. ಮಿನಿಕಾಯ್‌ನ ಎರಡೂ ಬದಿಯ ಕಾಲುವೆಗಳಲ್ಲಿ ದೊಡ್ಡ ಹಡಗುಗಳ ಸಾಲೇ ಇರುತ್ತದೆ, ಮೀನುಗಾರರ ಸಣ್ಣ ದೋಣಿಗಳು ಮತ್ತು ಬಲೆಗಳು ಯಾವ ಪರದೆಯಲ್ಲೂ ಕಾಣದೆ ಇರಬಹುದು. ರಾತ್ರಿ ಪಾಳಿಯವರು ಪರದೆ ಬಿಟ್ಟು ಕತ್ತಲನ್ನು ನೋಡುವುದನ್ನು ರೂಢಿಸಿಕೊಳ್ಳಬೇಕು. ವಾಂತಿಯ ಮಾತ್ರೆಯನ್ನು ಬಂದರು ಬಿಡುವ ಮೊದಲೇ ನುಂಗಿ. ಮೊದಲ ಎರಡು ದಿನಕ್ಕೆ ಗಂಜಿ, ಉಪ್ಪಿನಕಾಯಿ, ಒಣ ತಿಂಡಿ ಸಾಕು, ಅಡುಗೆಯ ಉತ್ಸಾಹ ಆಮೇಲೆ ಬರುತ್ತದೆ.

ಮಡಿಕೇರಿಯವರಿಂದ ಮತ್ತೆ

ಒಂದೇ ಎಂಜಿನ್ ಓಡಿಸಿ ಇಂಧನ ಉಳಿಸಬಹುದೇ ಎಂದು ನೀವು ನನಗೆ ಪ್ರತ್ಯೇಕವಾಗಿ ಕೇಳಿದ್ದೀರಿ. ವಿರಾಜಪೇಟೆಯವರೊಡನೆ ಮಾತಾಡಿದೆ. ಎಂಜಿನ್‌ಗಳು ದೂರದೂರ ಇರುವುದರಿಂದ ದೋಣಿಯನ್ನು ನೇರ ಹಿಡಿಯಲು ಚುಕ್ಕಾಣಿಯನ್ನು ಸದಾ ಒಂದು ಕಡೆಗೆ ತಿರುಗಿಸಿರಬೇಕು, ನಿಂತ ಎಂಜಿನ್‌ನ ಪ್ರೊಪೆಲ್ಲರ್ ನೀರನ್ನು ತಡೆಯುತ್ತದೆ, ಕೆಲವು ಗೇರ್‌ಬಾಕ್ಸ್‌ಗಳು ಎಂಜಿನ್ ನಿಂತಿರುವಾಗ ಸುತ್ತಿದರೆ ಎಣ್ಣೆಯಿಲ್ಲದೆ ಹಾಳಾಗುತ್ತವೆ. ನಿಮ್ಮ ದೋಣಿಯಲ್ಲೇ ಶಾಂತ ದಿನವೊಂದರಲ್ಲಿ ಎರಡೂ ರೀತಿ ಓಡಿಸಿ ಅಳೆದು ನೋಡಿ. ಉಳಿತಾಯ ಸ್ಪಷ್ಟವಾಗಿ ಕಾಣದಿದ್ದರೆ ಎರಡನ್ನೂ ನಿಧಾನವಾಗಿ ನಡೆಸಿ, ಇಂಗಾಲ ಕಟ್ಟದಂತೆ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಭಾರ ಏರಿಸಿ ಎಂಬುದು ಅವರ ಅಭಿಪ್ರಾಯ.

ಉಪಗ್ರಹ ಫೋನಿನ ವಿಷಯದಲ್ಲಿ ಬಹಳ ಎಚ್ಚರ. ತುರಾಯ, ಇರಿಡಿಯಂ ಉಪಕರಣಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ; ವಿದೇಶದಲ್ಲಿರುವ ನೆಂಟರು ತಂದುಕೊಟ್ಟರು ಎಂಬುದು ಕಾರಣವಾಗುವುದಿಲ್ಲ. ಅನುಮತಿ ಕೈಗೆ ಬಂದ ಮೇಲೆಯೇ ಉಪಕರಣ ತರಿಸಿ. ತುರ್ತು ಬೀಕನ್ 406 ಮೆಗಾಹರ್ಟ್ಸ್‌ನದಾಗಿರಲಿ, ಅದನ್ನು ಬೆಂಗಳೂರಿನಲ್ಲಿ ಇಸ್ರೋ ನಡೆಸುವ ಮಿಷನ್ ಕಂಟ್ರೋಲ್ ಕೇಂದ್ರದಲ್ಲಿ ನೋಂದಾಯಿಸಿ. ಅಪಾಯದ ಸಂಕೇತ ಬಂದಾಗ ಅದು ನಿಜವೇ ಸುಳ್ಳೇ ಎಂದು ತಿಳಿಯಲು, ನೋಂದಣಿಯಲ್ಲಿ ನೀವು ಕೊಟ್ಟ ದಡದ ಸಂಖ್ಯೆಗೇ ಕರೆ ಬರುತ್ತದೆ. ಸಿದ್ದಾಪುರದ ತೋಟದ ಮನೆಯ, ಸಿಗ್ನಲ್ ಬಂದುಹೋಗುವ ಮೊಬೈಲ್ ಸಂಖ್ಯೆಯನ್ನು ಅಲ್ಲಿ ಬರೆಯಬೇಡಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ಇಬ್ಬರ ಸಂಖ್ಯೆ ಕೊಡಿ. ನಿಮ್ಮ ಮಾರ್ಗದ ನಕ್ಷೆ, ದೋಣಿಯ ಬಣ್ಣ ಮತ್ತು ಚಿತ್ರ, ಒಳಗಿರುವವರ ಹೆಸರು, ಮಾಹೆ ತಲುಪಬೇಕಾದ ದಿನ ಅವರ ಬಳಿ ಬರವಣಿಗೆಯಲ್ಲಿರಲಿ.