ಸಹಾಯ ಬೇಕು: ಪಿಕಪ್ ಫ್ರೇಮಿಗೆ ತುಕ್ಕು, ಜೊತೆಗೆ ಟ್ರೇಲರ್ ತೂಕದ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಮಿಶಿಗನ್‌ನಲ್ಲಿ. ಹೋದ ತಿಂಗಳು 2016ರ ಫುಲ್ ಸೈಜ್ ಪಿಕಪ್ ತಗೊಂಡೆವು, ಸೆಕೆಂಡ್ ಹ್ಯಾಂಡ್. ಎಂಜಿನ್ ಚೆನ್ನಾಗಿದೆ. ಆದರೆ ನಿನ್ನೆ ಗಾಡಿ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದರೆ, ಹಿಂದಿನ ಚಕ್ರದ ಹತ್ತಿರ ಫ್ರೇಮ್ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಮೇಲೆ ತುಕ್ಕು ಹಪ್ಪಳದ ಹಾಗೆ ಎದ್ದಿದೆ, ಸ್ಕ್ರೂಡ್ರೈವರ್‌ನಿಂದ ತಟ್ಟಿದರೆ ಚೂರು ಚೂರು ಉದುರುತ್ತದೆ. ಒಳಗಿನ ಕಬ್ಬಿಣ ಇನ್ನೂ ಗಟ್ಟಿಯಾಗಿದೆ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ವಾ, ಅದರದ್ದೇ ಕೆಲಸ.

ವೈರ್ ಬ್ರಷ್‌ನಿಂದ ಉಜ್ಜಿ ಎಣ್ಣೆ ಥರದ ಕೋಟಿಂಗ್ ಹೊಡೆಸೋಣ ಅಂತಿದ್ದೇನೆ. ರಬ್ಬರ್ ಕೋಟಿಂಗ್ ಬೇಡ, ತುಕ್ಕಿನ ಮೇಲೆ ಅದನ್ನು ಬಳಿದರೆ ತೇವ ಒಳಗೇ ಉಳಿಯುತ್ತದೆ. ಮನೆಯಲ್ಲೇ ಮಾಡಿದವರು ಇದ್ದೀರಾ? ಫ್ರೇಮ್ ಒಳಭಾಗಕ್ಕೆ ಹೇಗೆ ಹೊಡೆದಿರಿ?

ಇನ್ನೊಂದು ವಿಷಯ. ಬೇಸಿಗೆಗೆ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಾರೆ, ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು ಹೋಗುವ ಆಸೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಜನ, ಸಾಮಾನು ಸೇರಿ ಮಿತಿ 1,480 ಪೌಂಡ್ ಅಂತಿದೆ. ನಾವು ಆರು ಜನವೇ 860. ತುಂಬಿದ ಟ್ರೇಲರ್ 5,000 ಪೌಂಡ್, ಅದರಲ್ಲಿ ಶೇ. 10ರಿಂದ 15 ಭಾಗ ಹಿಚ್ (ಪಿಕಪ್ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ, ಅಂದರೆ ಕಡಿಮೆ ಅಂದರೂ 500. ಬೆಡ್ (ಹಿಂದೆ ಸಾಮಾನು ಹಾಕುವ ಜಾಗ) ಮೇಲೆ 180 ಪೌಂಡಿನ ಕ್ಯಾಪ್, ಅಂದರೆ ಗಟ್ಟಿ ಮುಚ್ಚಳ, ಬೇರೆ ಇದೆ. ಇದೆಲ್ಲ ಆ 1,480ರ ಲೆಕ್ಕಕ್ಕೇ ಬರುತ್ತದೆ, ಒಟ್ಟು 1,540 ಆಯ್ತು, ಅಲ್ಲಿಗೆ ಮಿತಿ ದಾಟಿತು. ಕ್ಯಾಪ್ ತೆಗೆದು ಮಡಚುವ ಹಗುರ ಕವರ್ ಹಾಕಲಾ, ಇಲ್ಲ ಚಿಕ್ಕ ಟ್ರೇಲರ್ ನೋಡಲಾ? ಕುಟುಂಬದ ಜೊತೆ ಎಳೆದ ಅನುಭವ ಇದ್ದವರು ದಯವಿಟ್ಟು ಹೇಳಿ.