ಪದಚರ್ಚೆ: ನಿಂತ ಕಾರಿನ ಬ್ಯಾಟರಿ ‘ಡ್ರೈನ್’, ರೇಡಿಯೋ ‘ಗ್ಲಿಚ್’: ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಕಾರು ಓಡಿಸುವ ಪರಿಚಯದವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಾರು ಕೈಕೊಟ್ಟಾಗ ಮೊದಲು ಏನು ನೋಡಬೇಕು, ಯಾವುದಕ್ಕೆ ಕೈಹಾಕಬಾರದು ಅನ್ನುವಷ್ಟೇ ಅದರ ವಿಷಯ. ಬರೆಯುತ್ತಾ ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ: ಬ್ಯಾಟರಿ ‘ಡ್ರೈನ್’ (ಚಾರ್ಜ್ ಕಳೆದುಕೊಳ್ಳುವುದು), ರೇಡಿಯೋ ‘ಗ್ಲಿಚ್’ (ಗಳಿಗೆಯ ಮಟ್ಟಿಗೆ ತಪ್ಪಿ ಮತ್ತೆ ಸರಿಹೋಗುವುದು). ಎರವಲು ಪದ ಅನ್ನುವ ಕಾರಣಕ್ಕೆ ನನ್ನ ತಕರಾರಿಲ್ಲ. ಬ್ಯಾಟರಿ, ಫ್ಯೂಸ್, ಚಾರ್ಜ್ ಎಲ್ಲ ನಮ್ಮವೇ ಆಗಿ ಎಷ್ಟೋ ಕಾಲವಾಯಿತು. ತಕರಾರು ಬೇರೆ. ಡ್ರೈನ್ ಅನ್ನುವ ಒಂದು ಪದದ ಕೆಳಗೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿವೆ, ಒಂದರ ಮದ್ದು ಇನ್ನೊಂದಕ್ಕೆ ಆಗದು. ಇದು ನನಗೆ ಗೊತ್ತಾದದ್ದು ಕಾರು ಕೆಟ್ಟು ನಿಂತ ಮೇಲೆ.

ಐದು ದಿನ ಕಾರು ತೆಗೆದಿರಲಿಲ್ಲ. ನಿಲ್ಲಿಸುವಾಗ ಚಾರ್ಜ್ ಶೇ. 78 ಇತ್ತು. ಆರನೆಯ ದಿನ ಹೊರಡೋಣವೆಂದರೆ ಬಾಗಿಲೇ ತೆರೆಯಲಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದರೆ, ‘ಬ್ಯಾಟರಿ ಡ್ರೈನ್ ಆಗಿರುತ್ತೆ ಸಾರ್’ ಎಂದರು. ಡ್ರೈನ್ ಆಗಿದ್ದರೆ ತುಂಬಬೇಕಲ್ಲ, ಚಾರ್ಜರ್ ಸಿಕ್ಕಿಸಿದೆ. ದೀಪ ಕೂಡ ಹತ್ತಲಿಲ್ಲ. ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆಯೂ ಅದೇ ಕತೆ. ಚಾರ್ಜರೇ ಕೆಟ್ಟಿದೆ ಎಂದುಕೊಂಡು ಅದನ್ನು ಬಿಚ್ಚಿಸುವ ಯೋಚನೆಯಲ್ಲಿದ್ದಾಗ ಅವರೇ ಬಂದರು. ರಿಮೋಟ್ ಬಿಟ್ಟು ಲೋಹದ ಕೀಲಿಯಿಂದಲೇ ಬಾಗಿಲು ತೆರೆದು, ಮೂಲೆಯಲ್ಲಿದ್ದ ಸಣ್ಣ 12 ವೋಲ್ಟ್ ಬ್ಯಾಟರಿಗೆ ಮೀಟರ್ ಹಿಡಿದರು. 10.8 ವೋಲ್ಟ್. ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ಆಸರೆ ಕೊಟ್ಟ ಕೂಡಲೇ ಕಾರು ಎದ್ದಿತು. ಪರದೆಯ ಮೇಲೆ ಶೇ. 77!

ದೊಡ್ಡ ಬ್ಯಾಟರಿ ತುಂಬಿಯೇ ಇತ್ತು, ಚಿಕ್ಕದು ಬರಿದಾಗಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಚಕ್ರ ತಿರುಗಿಸುವ ದೊಡ್ಡದು ಸಾಮಾನ್ಯವಾಗಿ 400 ವೋಲ್ಟಿನ ಆಸುಪಾಸಿನದು, ಕೆಲವು ಕಾರುಗಳಲ್ಲಿ 800. ಬಾಗಿಲ ಬೀಗ, ಪರದೆ, ರೇಡಿಯೋ, ಕಂಪ್ಯೂಟರುಗಳನ್ನು ನಡೆಸುವುದು 12 ವೋಲ್ಟಿನ ಚಿಕ್ಕದು. ದೊಡ್ಡದನ್ನು ಉಳಿದ ಕಾರಿಗೆ ಜೋಡಿಸುವ ಸ್ವಿಚ್ಚುಗಳಿಗೆ ಕಾಂಟ್ಯಾಕ್ಟರ್ ಎನ್ನುತ್ತಾರೆ. ಅವು ಕೂಡಿಕೊಳ್ಳುವುದೂ ಆ ಚಿಕ್ಕದರ ಬಲದಿಂದಲೇ. ಅದು ಬರಿದಾದರೆ ಚಾರ್ಜಿಂಗ್ ಶುರುವಾಗುವುದೇ ಇಲ್ಲ. ನಾನು ರಾತ್ರಿಯಿಡೀ ಕಾದದ್ದು ಬಾಗಿಲು ಮುಚ್ಚಿದ ಮನೆಗೆ ನೀರು ಹೊತ್ತುಹಾಕಿದಂತೆ ಆಗಿತ್ತು.

ಈಗ ಪದಕ್ಕೆ ಬರುತ್ತೇನೆ. ಡ್ರೈನ್ ಎಂದು ನಾವು ಕರೆಯುವ ಮೂರು ಇವು: ನಿಂತ ಕಾರಿನ ದೊಡ್ಡ ಬ್ಯಾಟರಿಯಲ್ಲಿ ದಿನದಿನಕ್ಕೆ ಶೇಕಡಾ ಕಡಿಮೆಯಾಗುವುದು, ಚಿಕ್ಕ ಬ್ಯಾಟರಿ ಪೂರ್ತಿ ಬರಿದಾಗುವುದು, ಹಳೆಯದಾದ ಬ್ಯಾಟರಿ ಮೊದಲಿನಷ್ಟು ಹಿಡಿಯದಿರುವುದು. ಆಡುಮಾತನ್ನು ಕಿವಿಗೊಟ್ಟು ಕೇಳಿದರೆ ಕನ್ನಡ ಇವನ್ನು ಆಗಲೇ ಬೇರ್ಪಡಿಸಿದೆ. ಮೊಬೈಲಿನ ಬಗ್ಗೆ ಮಾತಾಡುವಾಗ ‘ಚಾರ್ಜ್ ಇಳಿದಿದೆ’ ಎನ್ನುತ್ತೇವೆ, ‘ಖಾಲಿಯಾಗಿದೆ’ ಎನ್ನುತ್ತೇವೆ, ‘ಚಾರ್ಜ್ ನಿಲ್ಲುತ್ತಿಲ್ಲ’ ಎನ್ನುತ್ತೇವೆ. ಮೂರೂ ಬೇರೆ ಎಂದು ಯಾರಿಗೂ ವಿವರಿಸಬೇಕಿಲ್ಲ. ‘ನಿಲ್ಲುತ್ತಿಲ್ಲ’ ಎಂದರೆ ಪಾತ್ರೆಯದೇ ದೋಷ, ಬ್ಯಾಟರಿ ಬದಲಿಸಬೇಕು. ‘ಇಳಿದಿದೆ’ ಎಂದರೆ ಪಾತ್ರೆ ಸರಿಯಿದೆ, ಯಾರೋ ಬಳಸಿದ್ದಾರೆ. ಹಾಗಾಗಿ ಕೈಪಿಡಿಯಲ್ಲಿ ದೊಡ್ಡದಕ್ಕೆ ‘ಇಳಿತ’, ಚಿಕ್ಕದಕ್ಕೆ ‘ಬರಿದಾಗುವುದು’, ಮುಪ್ಪಿಗೆ ‘ಚಾರ್ಜ್ ನಿಲ್ಲದಿರುವುದು’ ಎಂದು ಬಳಸೋಣವೆಂದಿದ್ದೇನೆ.

ಹಲವರು ಸೂಚಿಸುವ ‘ಸೋರಿಕೆ’ಯನ್ನು ಮಾತ್ರ ಖಂಡಿತ ಬಳಸಬಾರದು ಎನಿಸುತ್ತದೆ. ಕೇಳಲು ಹಿತವಾಗಿದೆ, ಆದರೆ ಅಪಾಯದ ಪದ. ಬ್ಯಾಟರಿ ಸೋರುತ್ತಿದೆ ಎಂದರೆ ಯಾರಾದರೂ ಆಮ್ಲವೋ, ತಂಪುಮಾಡುವ ದ್ರವವೋ ತೊಟ್ಟಿಕ್ಕುತ್ತಿದೆ ಎಂದೇ ತಿಳಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಹೆಚ್ಚು ವೋಲ್ಟಿನ ವಿದ್ಯುತ್ತು ಹೊದಿಕೆ ಕೆಟ್ಟು ಕಾರಿನ ಮೈಗೆ ಹರಿಯುವುದೂ ಸೋರಿಕೆಯೇ. ಆ ವ್ಯವಸ್ಥೆ ಕಾರಿನ ಮೈಗೆ ತಾಗದಂತೆ ಬೇರ್ಪಟ್ಟಿರಬೇಕು. ಕಾರು ಅದನ್ನು ತಾನೇ ಅಳೆಯುತ್ತಾ, ಕೆಟ್ಟರೆ ಎಚ್ಚರಿಕೆ ತೋರಿಸುತ್ತದೆ. ಆ ಎಚ್ಚರಿಕೆಗೇ ಸೋರಿಕೆ ಎಂಬ ಪದವನ್ನು ಮೀಸಲಿಡಬೇಕು. ಹೆಚ್ಚು ವೋಲ್ಟಿನ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಬೇಡಿ ಎಂದು ಬರೆದ ಪುಟದಲ್ಲೇ ‘ರೇಡಿಯೋದಿಂದ ಸ್ವಲ್ಪ ಸೋರಿಕೆ ಸಹಜ’ ಎಂದೂ ಬರೆದರೆ ಓದುವವರು ಯಾವುದಕ್ಕೆ ಹೆದರಬೇಕು? ಡಿಸ್ಚಾರ್ಜ್‌ಗೆ ಪಠ್ಯಪುಸ್ತಕ ಕೊಡುವ ‘ವಿಸರ್ಜನೆ’ ತಪ್ಪಲ್ಲ, ಆದರೆ ಮನೆಯಲ್ಲಿ ಯಾರೂ ಹಾಗೆನ್ನುವುದಿಲ್ಲ.

ಇನ್ನು, ಯಾರು ಬಳಸಿದರು ಎಂಬ ಪ್ರಶ್ನೆ. ನಿಂತ ಕಾರಿನಲ್ಲಿ ಯಾವುದೋ ಭಾಗ ಸದ್ದಿಲ್ಲದೆ ಚಾರ್ಜ್ ಬಳಸುವುದಕ್ಕೆ ಇಂಗ್ಲಿಷಿನವರು ರಕ್ತ ಹೀರುವ ಪಿಶಾಚಿಯ ಹೆಸರಿಟ್ಟು ‘ವ್ಯಾಂಪೈರ್ ಡ್ರೈನ್’ ಎನ್ನುತ್ತಾರೆ. ನಮ್ಮಲ್ಲಿ ‘ಹೀಟರ್ ಕರೆಂಟ್ ಎಳೆಯುತ್ತೆ’, ‘ಕರೆಂಟ್ ತಿನ್ನುತ್ತೆ’ ಎಂಬ ಮಾತು ಬೇರೂರಿದೆ. ಆದ್ದರಿಂದ ‘ಎಳೆತ’ ಸಾಕು. ಕಾರು ಬೀಗ ಹಾಕಿ ನಿಂತಾಗಲೂ ಬೀಗದ ರಿಸೀವರ್, ಗಡಿಯಾರ, ಅಲಾರಂ ಇವೆಲ್ಲ ತುಸು ಎಳೆಯುತ್ತಲೇ ಇರುತ್ತವೆ. ಎಲ್ಲ ಮಲಗಿದ ಮೇಲೆ ಒಟ್ಟು ಎಳೆತ 50 ಮಿಲಿಆಂಪಿಯರ್ (0.05 ಆಂಪಿಯರ್) ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 40 ಆಂಪಿಯರ್-ಗಂಟೆಯ ಬ್ಯಾಟರಿ ಆ ಲೆಕ್ಕದಲ್ಲಿ 800 ಗಂಟೆ, ಅಂದರೆ ಒಂದು ತಿಂಗಳು ತಡೆಯುತ್ತದೆ. ನನ್ನ ಕಾರಿನಲ್ಲಿ ಮೀಟರ್ ತೋರಿಸಿದ್ದು 0.4 ಆಂಪಿಯರ್. 100 ಗಂಟೆ. ನಾಲ್ಕು ದಿನಕ್ಕೆ ಚೂರು ಹೆಚ್ಚು. ಐದು ದಿನ ನಿಂತ ಕಾರು ಏಳದಿದ್ದುದರ ಲೆಕ್ಕ ಅಲ್ಲೇ ಸಿಕ್ಕಿತು.

ಎಳೆಯುತ್ತಿದ್ದದ್ದು ರೇಡಿಯೋ. ಪರದೆ ಕಪ್ಪಗಿತ್ತು, ದನಿಯಿಲ್ಲ, ನೋಡಿದರೆ ಮಲಗಿದಂತೆಯೇ ಇತ್ತು. ಒಳಗೆ ಪೂರ್ತಿ ಎಚ್ಚರ. ರಿಪೇರಿಯವರು ‘ಸ್ಲೀಪ್‌ಗೆ ಹೋಗ್ತಿಲ್ಲ’ ಎಂದರು. ಆ ಕ್ಷಣ ನನಗೆ ಹೊಳೆದದ್ದು ‘ಕಳ್ಳನಿದ್ದೆ’. ಮಕ್ಕಳು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಮಲಗಿದಂತೆ ನಟಿಸುತ್ತಾರಲ್ಲ, ಅದೇ. ಇದಕ್ಕೆ ತಕ್ಕ ಒಂದೇ ಪದ ನನಗೆ ತಿಳಿದಂತೆ ಇಂಗ್ಲಿಷಿನ ಕಾರು ಪುಸ್ತಕಗಳಲ್ಲಿಲ್ಲ. ಅದರ ಜೊತೆಗೇ ‘ಕೋಳಿನಿದ್ದೆ’ಯೂ ನೆನಪಾಯಿತು. ಇನ್ನೊಂದು ಬಗೆಯ ದೋಷವಿದೆ: ರೇಡಿಯೋದಂಥ ಘಟಕ ನಿಜವಾಗಿ ಮಲಗುತ್ತದೆ, ಆದರೆ ಚಿಕ್ಕ ಸದ್ದಿಗೂ ಎಚ್ಚರಾಗುವವರಂತೆ ಪದೇ ಪದೇ ಏಳುತ್ತದೆ. ರಿಮೋಟ್ ಕೀಲಿಯನ್ನು ಕಾರಿನ ಹತ್ತಿರವೇ ಇಟ್ಟಿದ್ದರೆ, ಮೊಬೈಲ್ ಆ್ಯಪ್ ಗಳಿಗೆಗೊಮ್ಮೆ ಕಾರನ್ನು ವಿಚಾರಿಸುತ್ತಿದ್ದರೆ ಹೀಗಾಗುತ್ತದೆ.

ಈ ಎರಡು ಪದಗಳ ಬೆಲೆ ಅಲಂಕಾರದ್ದಲ್ಲ. ಪತ್ತೆಹಚ್ಚುವ ಕ್ರಮವನ್ನೇ ಅವು ಹೇಳಿಕೊಡುತ್ತವೆ. ಬೀಗ ಹಾಕಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, 12 ವೋಲ್ಟ್ ತಂತಿಗೆ ಡಿಸಿ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಬಿಚ್ಚದೆ ಸುತ್ತ ಹಿಡಿದು ಅಳೆಯುವಂಥದ್ದು) ಹಾಕಿದಾಗ ಮುಳ್ಳು ಇಳಿಯದೆ ಒಂದೇ ಎತ್ತರದಲ್ಲಿ ನಿಂತರೆ ಕಳ್ಳನಿದ್ದೆ, ಇಳಿದು ಮತ್ತೆ ಮತ್ತೆ ಹಾರಿದರೆ ಕೋಳಿನಿದ್ದೆ. ಮೊದಲನೆಯದಕ್ಕೆ ಘಟಕದ ಸಾಫ್ಟ್‌ವೇರ್ ನೋಡಬೇಕು, ಎರಡನೆಯದಕ್ಕೆ ಎಬ್ಬಿಸುತ್ತಿರುವವರು ಯಾರೆಂದು ಹುಡುಕಬೇಕು. ಇಲ್ಲೊಂದು ಎಚ್ಚರಿಕೆ ಸೇರಿಸುತ್ತೇನೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವ ಹಳೆಯ ಪದ್ಧತಿ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಕಿತ್ತು ಮರಳಿ ಹಾಕುವುದೇ ಮಲಗಿದ್ದನ್ನು ಎಬ್ಬಿಸುತ್ತದೆ. ಫ್ಯೂಸನ್ನು ಅಲ್ಲೇ ಬಿಟ್ಟು ಅದರ ಎರಡು ತುದಿಗಳ ನಡುವಿನ ಮಿಲಿವೋಲ್ಟ್ ಅಳೆದರೆ ಎಳೆತ ಯಾವ ದಾರಿಯಲ್ಲಿದೆ ಎಂದು ತಿಳಿಯುತ್ತದೆ.

ಕೆಲವು ಕಾರುಗಳು ನಿಂತಲ್ಲೇ ದೊಡ್ಡದರಿಂದ ಚಿಕ್ಕದಕ್ಕೆ ಆಗಾಗ ತುಂಬಿಕೊಳ್ಳುತ್ತವೆ. ಅಂಥ ಕಾರಿನಲ್ಲಿ ರೇಡಿಯೋದ ಕಳ್ಳನಿದ್ದೆ ಚಿಕ್ಕದನ್ನು ಬರಿದು ಮಾಡುವುದಿಲ್ಲ, ದೊಡ್ಡದರ ಇಳಿತವಾಗಿ ಕಾಣುತ್ತದೆ. ಅದಕ್ಕೇ ‘ಎಳೆತ’ ಕಾರಣದ ಪದ, ‘ಇಳಿತ’ ಪರಿಣಾಮದ ಪದ ಎಂದು ಬೇರೆಯಾಗಿಡಲು ಹಟ ಹಿಡಿದಿದ್ದೇನೆ.

ಗ್ಲಿಚ್ ಇನ್ನೂ ಕಷ್ಟದ್ದು. ಇದು ಬಹುಶಃ ಯಿಡ್ಡಿಶ್ ಮೂಲದ ಪದ, ಜಾರುವುದು ಎಂಬ ಅರ್ಥದ್ದು. ಅಮೆರಿಕದ ರೇಡಿಯೋದವರು 1940ರ ದಶಕದಲ್ಲೇ ಪ್ರಸಾರದಲ್ಲಾಗುವ ತಪ್ಪಿಗೆ ಇದನ್ನು ಬಳಸುತ್ತಿದ್ದರು. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್, ವಿದ್ಯುತ್ತಿನ ವೋಲ್ಟೇಜ್ ತಟ್ಟನೆ ಏರುಪೇರಾಗುವುದೇ ಗ್ಲಿಚ್ ಎಂದು ವಿವರಿಸಿದರು. ರೇಡಿಯೋ, ವೋಲ್ಟೇಜ್ ಎರಡೂ ಆ ಪದದ ಹುಟ್ಟಿನಲ್ಲೇ ಇವೆ! ನನ್ನ ಕಾರಿನಲ್ಲೂ ಹಾಗೇ ನಡೆದಿತ್ತು. ಕಾರು ನಿಲ್ಲುವ ಮುಂಚೆ ಎರಡು ವಾರದಿಂದ ರೇಡಿಯೋ ಬೇಕಾದ ಸ್ಟೇಷನ್ನುಗಳನ್ನು ಮರೆಯುತ್ತಿತ್ತು, ತಾನಾಗಿ ಮತ್ತೆ ಶುರುವಾಗುತ್ತಿತ್ತು. ಚಿಕ್ಕ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತಿದ್ದುದರ ಸೂಚನೆ ಅದು, ನಾನು ಗಮನಿಸಲಿಲ್ಲ. ಅಂಥದ್ದಕ್ಕೆ ‘ದೋಷ’ ತೀರಾ ಭಾರವಾಯಿತು, ‘ತೊಂದರೆ’ ತೀರಾ ಸಡಿಲ. ‘ಎಡವು’ ಸರಿಹೊಂದೀತೇ? ಎಡವಿದವರು ಮರುಕ್ಷಣ ಸರಿಯಾಗಿ ನಡೆಯುತ್ತಾರೆ. ‘ರೇಡಿಯೋ ಎಡವುತ್ತಿದೆ’ ಎಂಬ ವಾಕ್ಯ ನನಗೆ ಒಪ್ಪಿಗೆಯಾಗಿದೆ, ನಾಮಪದ ಮಾಡಲು ಹೋದರೆ ‘ಎಡವಿಕೆ’ ನಾಲಗೆಗೆ ಒಗ್ಗುತ್ತಿಲ್ಲ.

ಸದ್ದಿನ ತೊಂದರೆಗಳಿಗಂತೂ ಹೊಸ ಪದವೇ ಬೇಡ, ನಮ್ಮ ಅನುಕರಣಾವ್ಯಯಗಳಿವೆ. ಎಎಂ ಬ್ಯಾಂಡಿನಲ್ಲಿ ಕಾರು ಓಡುವಾಗ ಮಾತ್ರ ‘ಕರಕರ’ ಎಂದರೆ ಮೋಟಾರಿನ ಇನ್ವರ್ಟರ್ (ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಎಸಿ ಮಾಡುವ ಭಾಗ) ಕಾರಣ. ಅದು ಸೆಕೆಂಡಿಗೆ ಹತ್ತು ಸಾವಿರದ ಆಸುಪಾಸಿನಷ್ಟು ಬಾರಿ ಸ್ವಿಚ್ ಆಗುತ್ತದೆ, ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಏರುತ್ತಾ ಹೋಗುವ ಅಲೆಗಳು ಎಎಂನ 530ರಿಂದ 1700 ಕಿಲೋಹರ್ಟ್ಸ್ ವರೆಗೂ ಚಾಚುತ್ತವೆ. ಎಎಂನಲ್ಲಿ ಮಾತು ಅಲೆಯ ಎತ್ತರದಲ್ಲಿದೆ, ಗದ್ದಲವೂ ಅಲ್ಲೇ ಬಂದು ಸೇರುತ್ತದೆ. ಎಫ್‌ಎಂ ಈ ಕಾಟದಿಂದ ಬಹುಪಾಲು ಪಾರು. ಕೆಲವು ತಯಾರಕರು ಎಲೆಕ್ಟ್ರಿಕ್ ಕಾರುಗಳಿಂದ ಎಎಂ ಅನ್ನೇ ತೆಗೆದುಹಾಕಿದ್ದು ಇದರಿಂದ. ಗಾಲಿಯ ವೇಗಕ್ಕೆ ತಕ್ಕಂತೆ ಏರಿಳಿಯುವ ‘ಕುಂಯ್’ ಇದ್ದರೆ ಅರ್ಥಿಂಗ್ ತಂತಿ ನೋಡಬೇಕು. ಗುಂಡಿಗೆ ಇಳಿದಾಗ ‘ಚಟ್ ಚಟ್’ ಎಂದರೆ ಆಂಟೆನಾದ ಜೋಡಣೆ ಸಡಿಲ. ಎಫ್‌ಎಂನಲ್ಲಿ ‘ಬುಸ್’ ಎಂದರೆ ಸ್ಟೇಷನ್ ದೂರವಾಯಿತು, ಕಾರಿನದೇನೂ ತಪ್ಪಿಲ್ಲ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ನಾಯ್ಸ್’ ಎಂದು ಬರೆದು ಮುಗಿಸಿದ ಪುಟಗಳನ್ನು ಓದಿದ್ದೇನೆ. ಕಿವಿಯಿಂದಲೇ ಅರ್ಧ ರಿಪೇರಿ ಮುಗಿಸುವ ಈ ಪದಗಳನ್ನು ‘ಶಬ್ದ ಮಾಲಿನ್ಯ’, ‘ಹಸ್ತಕ್ಷೇಪ’ ಎಂದು ತಿದ್ದಿ ನನ್ನ ಕರಡು ಹಿಂದಿರುಗಿ ಬಂದಾಗ ನಿಜವಾಗಿಯೂ ನೋವಾಯಿತು.

ನಿಮ್ಮಿಂದ ತಿಳಿಯಬೇಕಾದ್ದು ಇಷ್ಟು. ‘ಕಳ್ಳನಿದ್ದೆ’, ‘ಕೋಳಿನಿದ್ದೆ’ಗಳನ್ನು ಯಂತ್ರಕ್ಕೆ ಹೇಳಿದರೆ ನಿಮ್ಮ ಕಿವಿಗೆ ಸಹಜವೆನಿಸುತ್ತದೆಯೇ? ಕೋಳಿನಿದ್ದೆ ಎಂದರೆ ನಿಮ್ಮ ಕಡೆ ಬರೀ ‘ಸ್ವಲ್ಪ ಹೊತ್ತಿನ ನಿದ್ದೆ’ ಎಂದಷ್ಟೇ ಅರ್ಥವಿದ್ದರೆ ಅದನ್ನು ಬಿಡಬೇಕಾಗುತ್ತದೆ. ಬ್ಯಾಟರಿ ಬರಿದಾದಾಗ ‘ಡೌನ್’, ‘ಡೆಡ್’ ಬಿಟ್ಟು ನಿಮ್ಮ ಮೆಕ್ಯಾನಿಕ್ಕುಗಳು ಬೇರೆ ಏನಾದರೂ ಅನ್ನುತ್ತಾರೆಯೇ? ‘ಎಡವು’ ಎಂಬುದಕ್ಕೆ ಒಗ್ಗುವ ನಾಮಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ, ಆ ಅಧ್ಯಾಯದ ತಲೆಬರಹ ಇನ್ನೂ ಖಾಲಿ ಬಿಟ್ಟಿದ್ದೇನೆ.