ಪದಚರ್ಚೆ: ‘ಮಾನಿಟರಿ ಯೂನಿಯನ್’ ಅಂದರೆ ‘ಹಣಕಾಸು ಒಕ್ಕೂಟ’ವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಯುರೋಪಿನ ಫ್ರಾಂಕ್, ಮಾರ್ಕ್, ಲಿರಾ ಎಲ್ಲ ಹೋಗಿ ಯೂರೋ ಬಂದದ್ದು ಹೇಗೆ ಎಂಬುದನ್ನು ಪದವಿ ಓದುವ ಕಾಮರ್ಸ್ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶೀರ್ಷಿಕೆಯಲ್ಲೇ ತೊಡಕು. ಹಲವು ದೇಶಗಳು ಸೇರಿ ಒಂದೇ ಹಣ ಬಳಸುವ ಏರ್ಪಾಡಿಗೆ ಇಂಗ್ಲಿಷಿನಲ್ಲಿ ‘ಮಾನಿಟರಿ ಯೂನಿಯನ್’ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಹಣಕಾಸು ಒಕ್ಕೂಟ’, ‘ವಿತ್ತೀಯ ಒಕ್ಕೂಟ’, ‘ಏಕ ಕರೆನ್ಸಿ ವ್ಯವಸ್ಥೆ’ ಮೂರನ್ನೂ ಓದಿದ್ದೇನೆ. ಮೊದಲಿನ ಎರಡು ನನಗೆ ಒಪ್ಪಿಗೆಯಿಲ್ಲ. ಪದ ಚೆನ್ನಾಗಿಲ್ಲ ಅಂತಲ್ಲ. ಆ ಪದ ಹಾಕಿದರೆ ಯೂರೋದ ಕಥೆಯೇ ಅರ್ಥವಾಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

‘ಹಣಕಾಸು’ ಪದವನ್ನೇ ನೋಡಿ. ಒಂದು ಕಾಲಕ್ಕೆ ಹಣವೂ ನಾಣ್ಯ, ಕಾಸೂ ನಾಣ್ಯ. ಹಣ ಎಂದರೆ ಚಿನ್ನದ ಪುಟ್ಟ ನಾಣ್ಯ. ಕಾಸು ತಾಮ್ರದ್ದು. ಎರಡೂ ಕೂಡಿ ಈಗ ದುಡ್ಡಿನ ಯಾವ ವ್ಯವಹಾರಕ್ಕೂ ಒಗ್ಗುವ ಪದವಾಗಿದೆ. ರಿಸರ್ವ್ ಬ್ಯಾಂಕ್ ಬಡ್ಡಿದರ ಬದಲಿಸಿದಾಗ ಸುದ್ದಿಯಲ್ಲಿ ಬರುವುದು ‘ಹಣಕಾಸು ನೀತಿ ಸಮಿತಿ’. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಪಾಲು ಎಂದು ಶಿಫಾರಸು ಮಾಡುವುದು ‘ಹಣಕಾಸು ಆಯೋಗ’. ಮೊದಲನೆಯದು ಹಣ ಹೊರಡಿಸುವ, ಬಡ್ಡಿ ಗೊತ್ತುಮಾಡುವ ಕಡೆಯದು. ಎರಡನೆಯದು ತೆರಿಗೆ ಎತ್ತಿ ಖರ್ಚು ಮಾಡುವ ಕಡೆಯದು. ಇಂಗ್ಲಿಷಿನವರು ಮಾನಿಟರಿ, ಫಿಸ್ಕಲ್ ಎಂದು ಬೇರೆ ಮಾಡುವುದನ್ನು ನಾವು ಒಂದೇ ಪದದಲ್ಲಿ ಹಿಡಿದುಬಿಟ್ಟಿದ್ದೇವೆ. ‘ವಿತ್ತೀಯ’ದ ಕಥೆಯೂ ಅಷ್ಟೇ. ಬಜೆಟ್ ದಿನ ಅದು ‘ವಿತ್ತೀಯ ಕೊರತೆ’, ಅಂದರೆ ಸರ್ಕಾರದ ಆದಾಯಕ್ಕೂ ಖರ್ಚಿಗೂ ಇರುವ ಅಂತರ. ಯುರೋಪಿನ ಸುದ್ದಿಗೆ ಬಂದರೆ ಅದೇ ಪದ ಯೂರೋಗೆ ಅಂಟಿಕೊಳ್ಳುತ್ತದೆ.

ನಮ್ಮ ದೇಶದ ಮಟ್ಟಿಗೆ ಇದರಿಂದ ಜಾಸ್ತಿ ತೊಂದರೆಯಿಲ್ಲ. ರೂಪಾಯಿಯೂ ಒಂದೇ, ಕೇಂದ್ರದ ಬೊಕ್ಕಸವೂ ಒಂದೇ. ಯೂರೋ ವಲಯದಲ್ಲಿ ಹಾಗಲ್ಲ. ಅಲ್ಲಿ ಹಣ ಒಂದು, ಬೊಕ್ಕಸ ಹಲವು. ಅಣ್ಣತಮ್ಮಂದಿರು ಪಾಲಾದ ಮೇಲೂ ಬಾವಿಯನ್ನು ಮಾತ್ರ ಒಟ್ಟಿಗೆ ಇಟ್ಟುಕೊಂಡ ಹಾಗೆ. ಅದನ್ನು ‘ಹಣಕಾಸು ಒಕ್ಕೂಟ’ ಎಂದರೆ, ಓದುವ ಹುಡುಗ ಇಡೀ ಸಂಸಾರ ಒಟ್ಟಿಗಿದೆ ಅಂದುಕೊಳ್ಳುತ್ತಾನೆ.

ಆದದ್ದಿಷ್ಟು. 1992ರ ಫೆಬ್ರುವರಿ 7ರಂದು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಊರಿನಲ್ಲಿ, ಒಂದೇ ಹಣಕ್ಕೆ ದಾರಿ ಮಾಡಿದ ಒಪ್ಪಂದಕ್ಕೆ ಸಹಿ ಬಿತ್ತು. ಯೂರೋ ಎಂಬ ಹೆಸರು ಗೊತ್ತಾದದ್ದು 1995ರ ಡಿಸೆಂಬರಿನಲ್ಲಿ, ಮ್ಯಾಡ್ರಿಡ್ ಸಭೆಯಲ್ಲಿ. 1998ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಯುರೋಪಿನ ಕೇಂದ್ರ ಬ್ಯಾಂಕ್ ಶುರುವಾಯಿತು. 1999ರ ಜನವರಿ 1ಕ್ಕೆ 11 ದೇಶಗಳಲ್ಲಿ ಯೂರೋ ಹುಟ್ಟಿತು, ಆದರೆ ಲೆಕ್ಕದ ಪುಸ್ತಕದಲ್ಲಿ ಮಾತ್ರ. ನೋಟು, ನಾಣ್ಯ ಜನರ ಕೈಗೆ ಬಂದದ್ದು 2002ರ ಜನವರಿ 1ಕ್ಕೆ. ಅಷ್ಟರಲ್ಲಿ ಗ್ರೀಸೂ ಸೇರಿ 12 ದೇಶಗಳಾಗಿದ್ದವು.

ತೆರಿಗೆ, ಸಾಲ, ಪಿಂಚಣಿ, ಖರ್ಚು ಮಾತ್ರ ಆಯಾ ದೇಶದ ಪಾಲಿಗೇ ಉಳಿದವು. ಕೊರತೆ ದೇಶದ ಒಟ್ಟು ಉತ್ಪನ್ನದ 3% ದಾಟಬಾರದು, ಸಾಲ 60% ದಾಟಬಾರದು ಎಂದು ಗೆರೆ ಎಳೆದರು. ಒಂದು ದೇಶದ ಸಾಲಕ್ಕೆ ಯುರೋಪ್ ಒಕ್ಕೂಟವಾಗಲಿ ಇನ್ನೊಂದು ದೇಶವಾಗಲಿ ಹೊಣೆಯಲ್ಲ ಎಂದೂ ಬರೆದುಕೊಂಡರು. ಯುರೋಪ್ ಒಕ್ಕೂಟದ ಸ್ವಂತ ಬಜೆಟ್ ಎಂದರೆ ಎಲ್ಲ ದೇಶಗಳ ಒಟ್ಟು ಆದಾಯದ ಸುಮಾರು 1% ಅಷ್ಟೇ.

ಇದರ ಪೆಟ್ಟು ಗೊತ್ತಾದದ್ದು ಗ್ರೀಸಿನಲ್ಲಿ. ಸರ್ಕಾರದ ಕೊರತೆ ಹಿಂದೆ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಇದೆ ಎಂದು 2009ರ ಕೊನೆಯಲ್ಲಿ ಹೊರಬಿತ್ತು. ಯೂರೋಗೆ ಮೊದಲಿದ್ದ ಸ್ವಂತ ಹಣ ಡ್ರಾಕ್ಮಾ ಇನ್ನೂ ಇದ್ದಿದ್ದರೆ ಅದರ ಬೆಲೆ ಇಳಿಸಿ ರಫ್ತಿಗೆ ದಾರಿ ಮಾಡಿಕೊಳ್ಳಬಹುದಿತ್ತು. ಡ್ರಾಕ್ಮಾ ಹೋಗಿ ವರ್ಷಗಳಾಗಿದ್ದವು. ಬೇರೆ ದೇಶಗಳ ಬೊಕ್ಕಸದಿಂದ ತಾನಾಗಿ ದುಡ್ಡು ಹರಿದುಬರುವ ವ್ಯವಸ್ಥೆಯೂ ಇರಲಿಲ್ಲ. 2010ರಲ್ಲಿ ಯೂರೋ ವಲಯದ ಬೇರೆ ದೇಶಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಸೇರಿ 110 ಶತಕೋಟಿ ಯೂರೋ ಸಾಲ ಕೊಟ್ಟವು, ಜೊತೆಗೆ ಖರ್ಚು ಕಡಿತದ ಷರತ್ತು ಹಾಕಿದವು. 2015ರಲ್ಲಿ ಬ್ಯಾಂಕುಗಳು ವಾರಗಟ್ಟಲೆ ಮುಚ್ಚಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಪಿಂಚಣಿ ಕಡಿತವಾದ ಮುದುಕರಿಗೆ, ಕೆಲಸ ಸಿಗದ ಹುಡುಗರಿಗೆ ಇದು ಪದಕೋಶದ ಪ್ರಶ್ನೆಯಾಗಿರಲಿಲ್ಲ, ನಿಜ. ಆದರೆ ಇದು ಯಾಕಾಯಿತು ಎಂದು ಕನ್ನಡದಲ್ಲಿ ಹೇಳಬೇಕಾದರೆ ‘ಹಣ ಒಂದಾಗಿತ್ತು, ಬೊಕ್ಕಸ ಒಂದಾಗಿರಲಿಲ್ಲ’ ಎನ್ನಲೇಬೇಕು. ‘ಹಣಕಾಸು ಒಕ್ಕೂಟವಿತ್ತು, ಆದರೆ ಹಣಕಾಸು ಒಕ್ಕೂಟವಿರಲಿಲ್ಲ’ ಎಂದು ಬರೆಯೋಕಾಗುತ್ತಾ?

ಜರ್ಮನಿಯ ಉದಾಹರಣೆ ಪಕ್ಕಕ್ಕಿಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1990ರ ಜುಲೈ 1ಕ್ಕೆ ಪೂರ್ವ ಜರ್ಮನಿಗೆ ಪಶ್ಚಿಮದ ಮಾರ್ಕ್ ಬಂತು. ಸಂಬಳ, ಪಿಂಚಣಿ ಒಂದಕ್ಕೆ ಒಂದು. ಉಳಿತಾಯವೂ ಒಂದು ಮಿತಿಯವರೆಗೆ ಒಂದಕ್ಕೆ ಒಂದು, ಅದರ ಮೇಲಿನದು ಎರಡಕ್ಕೆ ಒಂದು. ಪೂರ್ವದ ಎಷ್ಟೋ ಕಾರ್ಖಾನೆಗಳು ಈ ದರ ತಾಳಲಾರದೆ ಮುಚ್ಚಿದವು. ಆದರೆ ಮೂರು ತಿಂಗಳಲ್ಲಿ, ಅಕ್ಟೋಬರ್ 3ಕ್ಕೆ ದೇಶವೇ ಒಂದಾಯಿತು. ಬೊಕ್ಕಸವೂ ಒಂದಾಯಿತು. ಪಶ್ಚಿಮದವರ ತೆರಿಗೆ ದುಡ್ಡು ವರ್ಷವರ್ಷವೂ ಪೂರ್ವಕ್ಕೆ ಹೋಯಿತು. ಗ್ರೀಸಿಗೆ ಸಿಕ್ಕದ್ದು ಸಾಲ.

ಇನ್ನೊಂದು ತೊಡಕಿದೆ. ಯೂರೋಗೆ ಮೊದಲೂ ಯುರೋಪಿನಲ್ಲಿ ಇಂಥ ಒಕ್ಕೂಟಗಳಿದ್ದವು. ಅವಕ್ಕೂ ಇದೇ ಪದ ಹಾಕೋಣವೇ? ಬೇಡ ಅನ್ನುತ್ತೇನೆ.

1865ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಒಂದು ಒಪ್ಪಂದ ಮಾಡಿಕೊಂಡವು. ಆಮೇಲೆ ಗ್ರೀಸೂ ಸೇರಿತು. ಇದನ್ನು ಲ್ಯಾಟಿನ್ ಮಾನಿಟರಿ ಯೂನಿಯನ್ ಎನ್ನುತ್ತಾರೆ. ಅಲ್ಲಿ ಕೇಂದ್ರ ಬ್ಯಾಂಕೂ ಇರಲಿಲ್ಲ, ಹೊಸ ಹೆಸರಿನ ಹಣವೂ ಇರಲಿಲ್ಲ. ಒಂದಾಗಿದ್ದದ್ದು ನಾಣ್ಯದ ತೂಕ ಮತ್ತು ಚೊಕ್ಕತನ. ಬೆಳ್ಳಿಯ 5 ಫ್ರಾಂಕ್ ನಾಣ್ಯ ತೆಗೆದುಕೊಳ್ಳಿ. 25 ಗ್ರಾಂ ತೂಕ, ಅದರಲ್ಲಿ 90% ಬೆಳ್ಳಿ. ಇಟಲಿಯ 5 ಲಿರಾ, ಗ್ರೀಸಿನ 5 ಡ್ರಾಕ್ಮಾ ಕೂಡ ಅಷ್ಟೇ ತೂಕ, ಅಷ್ಟೇ ಬೆಳ್ಳಿ. ಮೇಲಿನ ರಾಜನ ಮುಖ, ಬರಹ ಬೇರೆ. ಹಾಗಾಗಿ ಒಂದು ದೇಶದ ನಾಣ್ಯವನ್ನು ಇನ್ನೊಂದು ದೇಶದ ಖಜಾನೆ ತೆಗೆದುಕೊಳ್ಳುತ್ತಿತ್ತು.

ಕಾಗದದ ನೋಟು ಈ ಒಪ್ಪಂದದ ಒಳಗೆ ಬರಲೇ ಇಲ್ಲ. ತೂತಾದದ್ದು ಅಲ್ಲೇ. 1866ರಲ್ಲಿ ಆಸ್ಟ್ರಿಯಾದ ಜೊತೆ ಯುದ್ಧಕ್ಕೆ ಇಳಿದ ಇಟಲಿ, ಬೆಳ್ಳಿಬಂಗಾರಕ್ಕೆ ಬದಲಾಯಿಸಿಕೊಳ್ಳಲಾಗದ ನೋಟುಗಳನ್ನು ಚಲಾವಣೆಗೆ ತಂದಿತು. ಊರಲ್ಲಿ ನೋಟು ಓಡಾಡಿತು, ಬೆಳ್ಳಿ ನಾಣ್ಯ ಗಡಿ ದಾಟಿ ಫ್ರಾನ್ಸಿಗೆ ಹೋಯಿತು. 1870ರ ದಶಕದಲ್ಲಿ ಬೆಳ್ಳಿಯ ಬೆಲೆಯೂ ಬಿತ್ತು. 1 ತೂಕ ಚಿನ್ನಕ್ಕೆ 15.5 ತೂಕ ಬೆಳ್ಳಿ ಎಂದು ಕಟ್ಟಿದ್ದ ಲೆಕ್ಕ ನಿಲ್ಲಲಿಲ್ಲ. ಒಕ್ಕೂಟ ಹೆಸರಿಗೆ 1927ರವರೆಗೂ ಎಳೆಯಿತು.

ಸ್ಕ್ಯಾಂಡಿನೇವಿಯಾದಲ್ಲಿ ಇದು ಚೆನ್ನಾಗಿ ನಡೆಯಿತು. 1873ರಲ್ಲಿ ಸ್ವೀಡನ್ ಮತ್ತು ಡೆನ್ಮಾರ್ಕ್, 1875ರಲ್ಲಿ ನಾರ್ವೆ ಸೇರಿ ಕ್ರೋನ ತಂದವು. ಮೊದಲ ಮಹಾಯುದ್ಧದ ಹೊತ್ತಿಗೆ ಅದೂ ಮುರಿಯಿತು. ಹೆಸರು ಮಾತ್ರ ಮೂರೂ ದೇಶಗಳಲ್ಲಿ ಇವತ್ತಿಗೂ ಇದೆ, ಬೆಲೆ ಬೇರೆ ಬೇರೆ.

ಜರ್ಮನ್ ಭಾಷೆಯವರು ಇಲ್ಲಿ ಜಾಗ್ರತೆಯಿಂದ ಇದ್ದಾರೆ. 1865ರದಕ್ಕೂ 1873ರದಕ್ಕೂ ಅವರು ‘ಮ್ಯುನ್ಜ್‌ಯೂನಿಯೋನ್’ ಎನ್ನುತ್ತಾರೆ. ಮ್ಯುನ್ಜ್ ಎಂದರೆ ನಾಣ್ಯ. ಯೂರೋದ್ದಕ್ಕೆ ‘ವೇರುಂಗ್ಸ್‌ಯೂನಿಯೋನ್’. ವೇರುಂಗ್ ಎಂದರೆ ಕರೆನ್ಸಿ, ಪದದ ಹಳೆಯ ಅರ್ಥ ಖಾತರಿ. ಮೊದಲನೆಯದು ಲೋಹದ ಮೇಲೆ ನಿಂತ ಒಪ್ಪಂದ, ಎರಡನೆಯದು ನಂಬಿಕೆಯ ಮೇಲೆ ನಿಂತದ್ದು ಎಂಬುದು ಹೆಸರಲ್ಲೇ ಗೊತ್ತಾಗುತ್ತದೆ. ಕನ್ನಡಕ್ಕೂ ಇಂಥದ್ದೇ ಬೇಕು ಅಲ್ವಾ?

ನನ್ನ ಸಲಹೆ ಹೀಗೆ. 1865ರದು ಲ್ಯಾಟಿನ್ ನಾಣ್ಯ ಒಕ್ಕೂಟ. ಯೂರೋದ್ದು ಹಣದ ಒಕ್ಕೂಟ. ಯುರೋಪಿನಲ್ಲಿ ಇನ್ನೂ ಆಗದೇ ಇರುವುದು ಬೊಕ್ಕಸದ ಒಕ್ಕೂಟ. ‘ಹಣದ ಒಕ್ಕೂಟ’ ಕಿವಿಗೆ ಹೊಸದು, ಒಪ್ಪುತ್ತೇನೆ. ಯಾರೋ ಚೀಟಿ ಹಾಕಿದ ಗುಂಪು ಅನ್ನಿಸಬಹುದು. ‘ಏಕ ಹಣ ಒಕ್ಕೂಟ’ ಎಂದರೆ ಆ ಅನುಮಾನ ಹೋಗುತ್ತದೆ, ಆದರೆ ಬಿಗಿ ಕಡಿಮೆ. ‘ಕರೆನ್ಸಿ ಒಕ್ಕೂಟ’ ಸುಲಭವೇ, ಎಲ್ಲರಿಗೂ ತಿಳಿಯುತ್ತದೆ, ನನಗೆ ಅದರ ಮೇಲೆ ತಕರಾರಿಲ್ಲ. ಕರೆನ್ಸಿಯ ಜಾಗಕ್ಕೆ ನಾಣ್ಯ ತಂದು ‘ಏಕ ನಾಣ್ಯ ವ್ಯವಸ್ಥೆ’ ಎಂದು ಮಾತ್ರ ಯೂರೋಗೆ ಹಾಕಬಾರದು. ನಾಣ್ಯ ಅಂದ ಕೂಡಲೇ ಮಕ್ಕಳ ಕಣ್ಣಿಗೆ ಬರುವುದು ಚಿಲ್ಲರೆ. ಬೊಕ್ಕಸ ಎಂಬ ಪದವಂತೂ ನನಗೆ ತುಂಬ ಇಷ್ಟ. ‘ಬೊಕ್ಕಸಕ್ಕೆ ನಷ್ಟ’ ಎಂದು ದಿನಾ ಓದುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜೊತೆಗೆ ಇನ್ನೊಂದೆರಡು ಪದ ಕೇಳಬೇಕು.

‘ಲೀಗಲ್ ಟೆಂಡರ್’ಗೆ ‘ಕಾನೂನುಬದ್ಧ ಚಲಾವಣೆ’ ಎಂದು ಬರೆಯುತ್ತೇವೆ. ‘ಸಲ್ಲುವ ಹಣ’ ಎಂದರೆ ಸಾಕಲ್ಲವೇ? ನಾಣ್ಯಕ್ಕೆ ‘ಸಲ್ಲು’ ನಮ್ಮಲ್ಲಿ ಬಹಳ ಹಳೆಯ ಬಳಕೆ. ವಚನದಲ್ಲೂ ಕಮ್ಮಟದ ಜೊತೆಗೆ ಸಲ್ಲುವ ಮಾತು ಬರುತ್ತದೆ. ಟಂಕಸಾಲೆಗೆ ‘ಕಮ್ಮಟ’ ಎಂಬ ಚಂದದ ಪದವನ್ನೂ ಮರಳಿ ಬಳಸಬಹುದು.

ಇದಕ್ಕೇ ಅಂಟಿಕೊಂಡ ಇನ್ನೊಂದು ಪ್ರಶ್ನೆ. 2002ರಲ್ಲಿ ಹಳೆಯ ನೋಟುಗಳಿಗೆ ಆದದ್ದನ್ನು ‘ನೋಟು ರದ್ದತಿ’ ಎನ್ನಬಹುದೇ? 2016ರ ನಂತರ ಆ ಪದಕ್ಕೆ ನಮ್ಮಲ್ಲಿ ಬೇರೆಯೇ ಬಣ್ಣ ಬಂದಿದೆ. ಜರ್ಮನಿಯ ಮಾರ್ಕ್ 2001ರ ಕೊನೆಯ ದಿನಕ್ಕೆ ಸಲ್ಲುವ ಹಣವಾಗಿ ಉಳಿಯಲಿಲ್ಲ. ಆದರೂ ಅಜ್ಜಿಯ ಪೆಟ್ಟಿಗೆಯಲ್ಲಿ ಈಗ ಸಿಕ್ಕ ಮಾರ್ಕನ್ನು ಅಲ್ಲಿನ ಕೇಂದ್ರ ಬ್ಯಾಂಕ್ ಯೂರೋ ಮಾಡಿಕೊಡುತ್ತದೆ, ಗಡುವೇ ಇಲ್ಲ. ಫ್ರಾನ್ಸ್ 2012ರ ಫೆಬ್ರುವರಿಗೆ ಬಾಗಿಲು ಹಾಕಿತು. ಅಂದರೆ ‘ಸಲ್ಲದು’ ಬೇರೆ, ‘ಬದಲಿಸಿಕೊಡುವುದಿಲ್ಲ’ ಬೇರೆ. ‘ರದ್ದತಿ’ ಎರಡನ್ನೂ ನುಂಗಿಬಿಡುತ್ತದೆ. ‘ಹಿಂತೆಗೆತ’ ಎಂದರೆ ಹೇಗೆ?

ಹೋದ ಹಣದ ಲೆಕ್ಕ ಸುಮ್ನೆ ಮಾಯವಾಗುವುದೂ ಇಲ್ಲ. 1 ಯೂರೋಗೆ 1.95583 ಮಾರ್ಕ್ ಎಂದು 1998ರ ಕೊನೆಯ ದಿನ ಕಟ್ಟಿದರು. ಬಲ್ಗೇರಿಯಾ ತನ್ನ ಲೆವ್ ಅನ್ನು ಮಾರ್ಕಿಗೆ ಕಟ್ಟಿಕೊಂಡಿತ್ತು. ಹಾಗಾಗಿ 2026ರ ಜನವರಿ 1ಕ್ಕೆ ಅದು ಯೂರೋಗೆ ಬಂದಾಗಲೂ ದರ 1.95583 ಲೆವ್, ಒಂದಂಕಿಯೂ ಬದಲಿಲ್ಲ. ಬೋಸ್ನಿಯಾದಲ್ಲಿ ಇವತ್ತಿಗೂ ಓಡುವ ಹಣದ ಹೆಸರು ಕನ್ವರ್ಟಿಬಲ್ ಮಾರ್ಕ್, ಅದರ ದರವೂ ಇದೇ.

ಹೆಸರುಗಳ ಬಗ್ಗೆ ಒಂದು ಮಾತು ಹೇಳದೇ ಇರಲಾರೆ. ಲಿರಾ ಬಂದದ್ದು ಲಿಬ್ರ ಎಂಬ ತೂಕದಿಂದ, ಮಾರ್ಕ್ ಕೂಡ ತೂಕ. ನಮ್ಮ ಗದ್ಯಾಣ ತೂಕವೂ ಹೌದು, ನಾಣ್ಯವೂ ಹೌದು. ಪೋರ್ಚುಗಲ್ಲಿನ ಎಸ್ಕುಡೊ ಎಂದರೆ ಗುರಾಣಿ, ಕ್ರೋನ ಎಂದರೆ ಕಿರೀಟ. ಮುದ್ರೆಯ ಚಿತ್ರವೇ ಹೆಸರಾಗುವುದನ್ನು ನಾವು ವರಹದಲ್ಲಿ ನೋಡಿದ್ದೇವೆ. ಡಚ್ಚರ ಗುಲ್ಡನ್, ಪೋಲೆಂಡಿನ ಜ್ಲೋಟಿ ಎರಡರ ಅರ್ಥವೂ ‘ಚಿನ್ನದ್ದು’. ಅದೇ ನಮ್ಮ ಹೊನ್ನು. ಡ್ರಾಕ್ಮಾದ ಮೂಲ ಅರ್ಥ ‘ಹಿಡಿ’, ಅಂದರೆ ಒಂದು ಹಿಡಿಗೆ ಸಿಗುವಷ್ಟು ಕಬ್ಬಿಣದ ಸಲಾಕೆ. ಆ ಪದ ಸಂಸ್ಕೃತದಲ್ಲಿ ದ್ರಮ್ಮವಾಗಿ, ಹಿಂದಿಯ ‘ದಾಮ್’ ಆಗಿ ನಮ್ಮ ಉಪಖಂಡದಲ್ಲೂ ಓಡಾಡಿದೆ. ಗ್ರೀಸ್ ತನ್ನ 1 ಯೂರೋ ನಾಣ್ಯದ ಮೇಲೆ ಹಾಕಿಕೊಂಡಿರುವುದು ಅಥೆನ್ಸಿನ ಹಳೆಯ 4 ಡ್ರಾಕ್ಮಾ ನಾಣ್ಯದ ಗೂಬೆಯನ್ನು. ಸೆಂಟ್ ಎಂಬುದನ್ನೂ ಅವರು ತಮ್ಮ ಕಡೆಯ ಮುಖದಲ್ಲಿ ‘ಲೆಪ್ಟಾ’ ಎಂದೇ ಬರೆದುಕೊಂಡಿದ್ದಾರೆ. ಮಲ್ಟೀಸರು ‘ಎವ್ರೊ’ ಎನ್ನುತ್ತಾರೆ, ಸ್ಲೊವೇನಿಯಾದವರೂ ಎವ್ರೊ. ಹಾಗಾಗಿ ನಾವು ‘ಯೂರೋ’ ಎಂದು ದೀರ್ಘ ಹಾಕಿದರೆ ಯಾರ ಅಪ್ಪಣೆಯೂ ಬೇಕಿಲ್ಲ. ಯೂರೋ, ಯುರೋ ಎರಡೂ ಒಂದೇ ಪುಟದಲ್ಲಿ ಬಾರದಿದ್ದರೆ ಸಾಕು.

ಕೊನೆಯದು ‘ಗಳು’. ನಮ್ಮ ನೋಟಿನ ಹಿಂದೆ ಕನ್ನಡದ ಸಾಲಿನಲ್ಲಿ ರೂಪಾಯಿಗೆ ‘ಗಳು’ ಹತ್ತಿದೆ. ಅಂಗಡಿಯಲ್ಲಿ ಯಾರೂ ‘ಹತ್ತು ರೂಪಾಯಿಗಳು ಕೊಡಿ’ ಅನ್ನುವುದಿಲ್ಲ. ಬರೆಯುವಾಗ ‘ಹತ್ತು ಯೂರೋ’, ‘ಇಪ್ಪತ್ತು ಫ್ರಾಂಕ್’ ಎಂದೇ ಬಿಡುತ್ತಿದ್ದೇನೆ. ನಾಣ್ಯವನ್ನೇ ಒಂದೊಂದಾಗಿ ಎಣಿಸುವಾಗ ಮಾತ್ರ ‘ಗಳು’ ಇರಲಿ.

ಬ್ಯಾಂಕಿನಲ್ಲಿ, ಪತ್ರಿಕೆಯ ವಾಣಿಜ್ಯ ಪುಟದಲ್ಲಿ, ಅರ್ಥಶಾಸ್ತ್ರದ ಪಾಠದಲ್ಲಿ ಕನ್ನಡ ಬಳಸಿದವರು ಬಳಗದಲ್ಲಿ ಅನೇಕರಿದ್ದೀರಿ. ಮಾನಿಟರಿ, ಫಿಸ್ಕಲ್ ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ನೀವು ಏನು ಬರೆಯುತ್ತೀರಿ? ಹಳೆಯ ಪಠ್ಯಪುಸ್ತಕಗಳಲ್ಲಿ ಇವನ್ನು ಬೇರೆ ಮಾಡಿ ಹೇಳಿದ ಜೋಡಿಪದ ಯಾರಿಗಾದರೂ ಸಿಕ್ಕಿದ್ದರೆ, ಆ ವಾಕ್ಯವನ್ನೇ ಪೂರ್ತಿ ಬರೆದು ಕಳಿಸಿ.